ಮುಯ್ಯಿ: ಕೊಟ್ಟವನ ಧರ್ಮ, ಪಡೆದವನ ಧರ್ಮ

‘ಮುಯ್ಯಿ’ ಅಚ್ಚಗನ್ನಡದ ಮಾತು. ಮದುವೆ ಮೊದಲಾದ ಶುಭಕಾರ್ಯಗಳಲ್ಲಿ ಬಂಧುಗಳೂ ನೆರೆಹೊರೆಯವರೂ ತಂದು ಒಪ್ಪಿಸುವ ಹಣ, ವಸ್ತ್ರ, ಪಾತ್ರೆಗಳಿಗೆ ಹಳೆಯ ಮೈಸೂರು ಸೀಮೆಯಲ್ಲಿ ಇಂದಿಗೂ ಇದೇ ಹೆಸರು. ಅವರ ಮನೆಯ ಕಾರ್ಯ ಬಂದಾಗ ನಾವು ಅದನ್ನು ಮರಳಿ ಒಪ್ಪಿಸುವುದೂ ಮುಯ್ಯಿಯೇ. ಬೇಸಾಯದ ಊರುಗಳಲ್ಲಿ ಕೂಲಿಯಿಲ್ಲದೆ ಒಬ್ಬರ ಹೊಲದಲ್ಲಿ ಇನ್ನೊಬ್ಬರು ಸರದಿಯಂತೆ ದುಡಿಯುವ ಪದ್ಧತಿಯುಂಟು. ಹಾಗೆ ದುಡಿಯಬರುವವರನ್ನು ಮುಯ್ಯಾಳು ಎನ್ನುತ್ತಾರೆ. ತಮಿಳರ ಮದುವೆಗಳಲ್ಲಿ ಬರೆಸುವ ‘ಮೊಯ್’ ಈ ಮಾತಿನ ಒಡಹುಟ್ಟು. ಇಷ್ಟರಮಟ್ಟಿಗೆ ಇದು ಊರೊಟ್ಟಿನ ಬಾಳ್ವೆಯನ್ನು ಹಿಡಿದು ನಿಲ್ಲಿಸಿದ ಪದ. ಆದರೆ ‘ಮುಯ್ಯಿ ತೀರಿಸಿಕೊಂಡ’ ಎಂದು ಯಾರಾದರೂ ಹೇಳಿದರೆ ನಮ್ಮ ಕಣ್ಣ ಮುಂದೆ ಮದುವೆಯ ಚಪ್ಪರ ಬರುವುದಿಲ್ಲ. ಹಗೆ, ಹೊಂಚು, ಪ್ರತೀಕಾರಗಳು ಬರುತ್ತವೆ. ‘ಮುಯ್ಯಿಗೆ ಮುಯ್ಯಿ’ ಎಂಬ ಜೋಡಿನುಡಿಯಲ್ಲಂತೂ ಸೇಡಿನ ಅರ್ಥವೇ ಮುಂದಾಗಿದೆ.

ಉಪಕಾರದ ಪ್ರತಿಫಲಕ್ಕೂ ಅಪಕಾರದ ಪ್ರತೀಕಾರಕ್ಕೂ ಒಂದೇ ಪದ ಸಲ್ಲುವುದು ಆಕಸ್ಮಿಕವಲ್ಲ. ಎರಡರ ಹಿಂದೆಯೂ ಒಂದೇ ಲೆಕ್ಕವಿದೆ. ಬಂದದ್ದು ಹೋಗಬೇಕು, ಹೋದದ್ದು ಬರಬೇಕು, ಅಳತೆ ಸರಿತೂಗಬೇಕು. ಮದುವೆಯ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಡುತ್ತೇವೆ. ಹಗೆಯ ಮುಯ್ಯಿಯನ್ನು ಮನಸ್ಸಿನಲ್ಲಿ ಬರೆದಿಡುತ್ತೇವೆ. ಎರಡನ್ನೂ ಮುಗಿಸುವ ಕ್ರಿಯೆಗೆ ‘ತೀರಿಸು’ ಎನ್ನುತ್ತೇವೆ. ಸಾಲ ತೀರಿಸುವುದು, ಹರಕೆ ತೀರಿಸುವುದು, ಋಣ ತೀರಿಸುವುದು, ಸೇಡು ತೀರಿಸುವುದು ಎಲ್ಲಕ್ಕೂ ಕ್ರಿಯಾಪದ ಒಂದೇ. ಕಡೆಗೆ ಮನುಷ್ಯ ಸತ್ತಾಗಲೂ ‘ತೀರಿಕೊಂಡರು’ ಎನ್ನುತ್ತೇವೆ; ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತೆಂಬ ಭಾವ ಆ ಮಾತಿನಲ್ಲಿದೆ.

ಜೈನ ದರ್ಶನ ಒಪ್ಪದಿರುವುದು ಈ ಕಡೆಯ ಭಾವವನ್ನು. ಮರಣದಿಂದ ಲೆಕ್ಕ ತೀರುವುದಿಲ್ಲ. ಕಟ್ಟಿಕೊಂಡ ಕರ್ಮ ಉದಯಕ್ಕೆ ಬಂದು ಫಲ ಕೊಟ್ಟಾಗ ಅಥವಾ ತಪಸ್ಸಿನಿಂದ ನಿರ್ಜರೆಯಾದಾಗ ಮಾತ್ರ ಅದು ಕಳಚುತ್ತದೆ. ಆದ್ದರಿಂದ ಮರಳಿಸುವುದು, ತೀರಿಸುವುದು, ಬಿಡುವುದು ಎಂಬ ಮಾತುಗಳು ನಮಗೆ ಬರಿಯ ಲೋಕವ್ಯವಹಾರದ ಮಾತುಗಳಾಗಲಾರವು. ನಮ್ಮ ಕವಿಗಳೂ ಆಚಾರ್ಯರೂ ಇವುಗಳ ಅರ್ಥವನ್ನು ಬಹಳ ಎಚ್ಚರದಿಂದ ವಿಂಗಡಿಸಿದ್ದಾರೆ. ಆ ವಿಂಗಡಣೆಯ ತಿರುಳು ಇಷ್ಟು: ಮುಯ್ಯಿ ಎಂಬ ಪದ ಕೊಟ್ಟವನನ್ನೂ ಪಡೆದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ, ಜೈನ ನೀತಿಯಾದರೋ ಅವರಿಬ್ಬರಿಗೂ ಬೇರೆ ಬೇರೆ ಧರ್ಮವನ್ನು ವಿಧಿಸುತ್ತದೆ. ಪ್ರತಿಫಲವನ್ನು ಬಿಡುವ ಅಧಿಕಾರ ಕೊಟ್ಟವನದು; ಪಡೆದವನು ಆ ಅಧಿಕಾರವನ್ನು ತಾನೇ ವಹಿಸಿಕೊಳ್ಳುವಂತಿಲ್ಲ. ಈ ಭೇದವನ್ನು ಮರೆತಾಗ ದಾನ ವ್ಯಾಪಾರವಾಗುತ್ತದೆ, ಕ್ಷಮೆ ಉಪಚಾರವಾಗುತ್ತದೆ, ಧರ್ಮಸಂಸ್ಥೆಯ ಹಣ ದಿಕ್ಕು ತಪ್ಪುತ್ತದೆ. ಈ ಮಾತನ್ನು ಕೆಲವು ಕಾವ್ಯ, ಶಾಸ್ತ್ರ, ಶಾಸನಗಳ ಆಧಾರದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಜೋಳವಾಳಿಯ ಹಿರಿಮೆ ಮತ್ತು ಮಿತಿ

ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಅರ್ಥಪೂರ್ಣವಾದ ಪದವಿದೆ. ಒಡೆಯನ ಜೋಳವನ್ನು ಉಂಡವನು ಸಮಯ ಬಂದಾಗ ಪ್ರಾಣ ಕೊಟ್ಟು ಅದನ್ನು ತೀರಿಸಬೇಕೆಂಬ ಕಟ್ಟಳೆ ಅದು. ನಮ್ಮ ನಾಡಿನ ವೀರಗಲ್ಲುಗಳ ಹಿಂದೆ ಈ ಕಟ್ಟಳೆಯ ನೆನಪಿದೆ. ಜೈನಕವಿ ಪಂಪನ ‘ವಿಕ್ರಮಾರ್ಜುನ ವಿಜಯ’ದ ಕರ್ಣ ಈ ಆದರ್ಶದ ಪರಮಾವಧಿ. ತಾನು ಕುಂತಿಯ ಮಗನೆಂದು ತಿಳಿದ ಮೇಲೂ ಅವನು ದುರ್ಯೋಧನನನ್ನು ಬಿಡುವುದಿಲ್ಲ. ಅವಮಾನದ ಗಳಿಗೆಯಲ್ಲಿ ಅಂಗರಾಜ್ಯವನ್ನು ಕೊಟ್ಟು ಕಾಪಾಡಿದವನಿಗೆ ತನ್ನ ಜೀವವನ್ನೇ ಮರಳಿಸುತ್ತಾನೆ. ಕಾವ್ಯವೇ ಒಂದು ಅರ್ಥದಲ್ಲಿ ಪಂಪನ ಜೋಳವಾಳಿ. ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಂದಿಗೆ ಅಭೇದವಾಗಿ ಕಂಡು, ಪಡೆದ ಗೌರವವನ್ನು ಕವಿ ಕಾವ್ಯರೂಪದಲ್ಲಿ ಹಿಂತಿರುಗಿಸಿದ್ದಾನೆ.

ಕರ್ಣನ ನಡತೆ ಪಡೆದವನ ಧರ್ಮಕ್ಕೆ ಒಪ್ಪುವಂಥದು. ಆದರೆ ಕೊಟ್ಟವನ ಕಡೆಯಿಂದ ನೋಡಿದರೆ ಚಿತ್ರ ಬೇರೆಯಾಗುತ್ತದೆ. ಅರ್ಜುನನಿಗೆ ಸಮನಾದ ಬಿಲ್ಲಾಳು ತನಗೆ ಬೇಕಾಗಿದ್ದ ಹೊತ್ತಿನಲ್ಲಿ ದುರ್ಯೋಧನ ಕೊಟ್ಟದ್ದು ಆ ರಾಜ್ಯ. ಸ್ನೇಹ ನಿಜವೇ ಆಗಿದ್ದರೂ ಆ ಕೊಡುಗೆಯ ಒಳಗೆ ಒಂದು ಸಾಲ ಅಡಗಿತ್ತು. ಅದರ ಬಡ್ಡಿ ಕುರುಕ್ಷೇತ್ರದಲ್ಲಿ ಸಂದಾಯವಾಯಿತು. ಮೇಲೆ ಕೊಡುಗೆಯಂತೆ ಕಂಡು ಒಳಗೆ ಸಾಲವಾಗಿರುವುದು ಮುಯ್ಯಿಯ ಸ್ವಭಾವ. ಜೋಳವಾಳಿ ಎಷ್ಟೇ ಉದಾತ್ತವಾದರೂ ಉಂಡವನನ್ನು ಕೇಳದೆಯೇ ಕಟ್ಟಿಹಾಕುತ್ತದೆ. ಒಡೆಯನ ಪಕ್ಷ ಅಧರ್ಮದ್ದಾದರೂ ಬಿಡಿಸಿಕೊಳ್ಳಲು ಬಿಡುವುದಿಲ್ಲ.

ಇದೇ ಪಂಪ ೯೪೧ರಲ್ಲಿ ರಚಿಸಿದ ‘ಆದಿಪುರಾಣ’ದಲ್ಲಿ ಮರಳಿಸುವ ಇನ್ನೊಂದು ಬಗೆಯನ್ನು ಚಿತ್ರಿಸುತ್ತಾನೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಬಾಹುಬಲಿ ಗೆಲ್ಲುತ್ತಾನೆ. ಮೇಲೆತ್ತಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸದೆ ಗೌರವದಿಂದ ಇಳಿಸುತ್ತಾನೆ. ಸೋತ ಭರತ ಕಟ್ಟಳೆ ಮೀರಿ ಚಕ್ರವನ್ನು ಪ್ರಯೋಗಿಸುತ್ತಾನೆ. ಮುಯ್ಯಿಯ ನ್ಯಾಯದಲ್ಲಿ ಈ ಅಪಕಾರಕ್ಕೆ ಪ್ರತೀಕಾರ ಸಲ್ಲಬೇಕಾಗಿತ್ತು. ಬಾಹುಬಲಿ ಪ್ರತೀಕಾರವನ್ನೂ ಬಿಡುತ್ತಾನೆ, ಗೆದ್ದ ರಾಜ್ಯವನ್ನೂ ಭರತನಿಗೇ ಬಿಡುತ್ತಾನೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಬಿಟ್ಟವನು ಅನ್ಯಾಯಕ್ಕೆ ಗುರಿಯಾದವನು. ಚಕ್ರ ಪ್ರಯೋಗಿಸಿದ ಭರತನೇ ‘ಆದದ್ದು ಆಯಿತು, ಮರೆತುಬಿಡೋಣ’ ಎಂದಿದ್ದರೆ ಅದು ತ್ಯಾಗವಾಗುತ್ತಿರಲಿಲ್ಲ. ಲೌಕಿಕ ಕಾವ್ಯದಲ್ಲಿ ಪಡೆದವನ ನಿಷ್ಠೆಯನ್ನೂ ಆಗಮಿಕ ಕಾವ್ಯದಲ್ಲಿ ನೊಂದವನ ತ್ಯಾಗವನ್ನೂ ಪಂಪ ಹಾಡಿದ್ದಾನೆ. ಇವು ಪರಸ್ಪರ ವಿರುದ್ಧವಲ್ಲ. ಒಂದು ಸಂಬಂಧದ ಎರಡು ದಡಗಳಿಗೆ ಸೇರಿದ ಧರ್ಮಗಳು.

ಯಶೋಧರನ ಭವಾವಳಿ

ಜನ್ನನ ‘ಯಶೋಧರ ಚರಿತೆ’ (೧೨೦೯) ನಮ್ಮ ವಿಮರ್ಶೆಯಲ್ಲಿ ಹೆಚ್ಚಾಗಿ ಅಮೃತಮತಿಯ ಕಾರಣದಿಂದ ಚರ್ಚೆಗೆ ಬಂದಿದೆ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ (೧೯೮೦) ಈ ಕಥೆಯನ್ನು ರಂಗಕ್ಕೆ ತಂದಾಗಲೂ ಒತ್ತು ಬಿದ್ದದ್ದು ರಾಜ, ರಾಣಿ, ತಾಯಿ, ಮಾವುತ ಈ ನಾಲ್ವರ ಮೇಲೆ. ಅವರ ಮನಸ್ಸಿನ ತಾಕಲಾಟ ಆಧುನಿಕ ಓದುಗರನ್ನು ಸೆಳೆಯುವುದು ಸಹಜವೇ. ಆದರೆ ಆ ನಂತರ ಬರುವ ಜನ್ಮಗಳ ಸರಣಿಯನ್ನು ಪುರಾಣದ ಭಾರವೆಂದು ಬದಿಗೆ ಸರಿಸುವ ಓದು ಕಾವ್ಯದ ಅರ್ಧವನ್ನು ಕಳೆದುಕೊಳ್ಳುತ್ತದೆ. ಮರಳಿಸುವುದೆಂದರೇನು ಎಂಬ ಪ್ರಶ್ನೆಯನ್ನು ಜನ್ನ ಕೇಳುವುದು ಆ ಅರ್ಧದಲ್ಲಿಯೇ.

ಹಿಟ್ಟಿನ ಕೋಳಿಯನ್ನು ಸಂಕಲ್ಪದಿಂದ ಕೊಂದ ಯಶೋಧರನೂ ಅವನನ್ನು ಪ್ರೇರಿಸಿದ ತಾಯಿ ಚಂದ್ರಮತಿಯೂ ತಿರ್ಯಗ್ಗತಿಯಲ್ಲಿ ತೊಳಲುತ್ತಾರೆ. ನವಿಲಾಗಿ ಹುಟ್ಟಿದ ಮಗನನ್ನು ನಾಯಿಯಾಗಿ ಹುಟ್ಟಿದ ತಾಯಿಯೇ ಕೊಲ್ಲುತ್ತಾಳೆ. ಇದಕ್ಕಿಂತ ಘೋರವಾದದ್ದು ಶ್ರಾದ್ಧದ ಸಂದರ್ಭ. ಮಗನಾದ ಯಶೋಮತಿ ಗತಿಸಿದ ತಂದೆಗೆ ತೃಪ್ತಿಯಾಗಲೆಂದು ಶ್ರಾದ್ಧ ಮಾಡಿಸುತ್ತಾನೆ. ಆ ಅಡುಗೆಗೆ ಬಲಿಯಾಗುವುದು ಪ್ರಾಣಿಯಾಗಿ ಹುಟ್ಟಿರುವ ಆ ತಂದೆಯೇ. ಪಿತೃಋಣವನ್ನು ತೀರಿಸಹೊರಟವನು ತಂದೆಯ ದೇಹದಿಂದಲೇ ಅದನ್ನು ತೀರಿಸುತ್ತಾನೆ. ಈ ವ್ಯಂಗ್ಯವು ಯಶಸ್ತಿಲಕದ ಸೋಮದೇವ, ಯಶೋಧರಚರಿತದ ವಾದಿರಾಜ ಮೊದಲಾದ ಪೂರ್ವಕವಿಗಳಿಂದ ಬಂದ ಕಥೆಯ ಜೀವಾಳ. ಮುಂದೆ ಯಶೋಧರ ಮತ್ತು ಚಂದ್ರಮತಿ ಅದೇ ಯಶೋಮತಿಯ ಮಕ್ಕಳಾಗಿ, ಅಭಯರುಚಿ ಮತ್ತು ಅಭಯಮತಿಯರೆಂಬ ಹೆಸರಿನಿಂದ ಹುಟ್ಟುತ್ತಾರೆ. ಮಗ ತಂದೆಯಾದ; ತಂದೆ ಮಗನಾದ. ಈಗ ಯಾರು ಯಾರಿಗೆ ಋಣಿ?

ಅಳತೆಗೆ ಅಳತೆ ತೂಗುವ ಮುಯ್ಯಿಯ ತಕ್ಕಡಿ ಇಲ್ಲಿ ಕುಸಿದುಬೀಳುತ್ತದೆ. ಜೀವಗಳ ನಡುವಣ ಸಂಬಂಧ ಅನಾದಿಯಾದುದರಿಂದ ಪೂರ್ತಿ ಬಾಕಿಯನ್ನು ಎಣಿಸಿ ಚುಕ್ತಾ ಮಾಡಬಲ್ಲ ಲೆಕ್ಕಿಗನಿಲ್ಲ. ಹಾಗಾದರೆ ಸರಪಳಿ ಎಲ್ಲಿ ಕಡಿಯುತ್ತದೆ? ಮಾರಿದತ್ತನ ಚಂಡಮಾರಿಯ ಗುಡಿಯಲ್ಲಿ, ಬಲಿಗಾಗಿ ಹಿಡಿತಂದ ಆ ಇಬ್ಬರು ಬಾಲಕರು ಶಪಿಸದೆ, ಬೇಡದೆ, ತಮ್ಮ ಕಥೆಯನ್ನು ಹೇಳುವಲ್ಲಿ ಕಡಿಯುತ್ತದೆ. ಖಡ್ಗಕ್ಕೆ ಪ್ರತಿಯಾಗಿ ಅವರು ಮರಳಿಸಿದ್ದು ತಿಳಿವಳಿಕೆಯನ್ನು. ತಾವು ಹಿಂಸೆಯಿಂದ ಪಡೆದ ನೋವನ್ನು ಇನ್ನೊಬ್ಬನಿಗೆ ಎಚ್ಚರವಾಗಿ ಕೊಟ್ಟರು. ಮಾರಿದತ್ತ ಹಿಂಸೆಯನ್ನು ಬಿಟ್ಟ.

ಕಮಠನೂ ಧರಣೇಂದ್ರನೂ

ಪಾರ್ಶ್ವನಾಥ ಪುರಾಣದಲ್ಲಿ ಮುಯ್ಯಿಯ ಎರಡು ಮುಖಗಳೂ ಒಟ್ಟಿಗೆ ಎದುರಾಗುತ್ತವೆ. ಗುಣಭದ್ರರ ಉತ್ತರಪುರಾಣದಿಂದ ಮೊದಲುಗೊಂಡು ವಾದಿರಾಜರ ಸಂಸ್ಕೃತ ಕಾವ್ಯ, ಕನ್ನಡದಲ್ಲಿ ಪಾರ್ಶ್ವಪಂಡಿತನ ಚಂಪೂವಿನವರೆಗೆ ಈ ಕಥೆ ಮತ್ತೆ ಮತ್ತೆ ನಿರೂಪಿತವಾಗಿದೆ. ಅಣ್ಣ ಕಮಠ ತಮ್ಮ ಮರುಭೂತಿಯ ಮನೆಗೆ ದ್ರೋಹ ಬಗೆದು ದೇಶಭ್ರಷ್ಟನಾಗುತ್ತಾನೆ. ನೊಂದವನಾದ ಮರುಭೂತಿಯೇ ಅಣ್ಣನನ್ನು ಸಮಾಧಾನಪಡಿಸಲು ಹೋಗಿ ಬಾಗಿದಾಗ ಕಮಠ ಕಲ್ಲನ್ನು ಎತ್ತಿಹಾಕಿ ಕೊಲ್ಲುತ್ತಾನೆ. ಅಲ್ಲಿಂದ ಹತ್ತು ಭವಗಳ ವೈರ. ಅದು ಒಂದೇ ಕಡೆಯ ವೈರವೆಂಬುದು ಈ ಕಥೆಯ ವಿಶೇಷ. ಕಮಠನ ಜೀವ ತಾನು ಮಾಡಿದ ಅಪರಾಧಕ್ಕೆ ತಾನೇ ಮುಯ್ಯಿ ತೀರಿಸಿಕೊಳ್ಳುತ್ತ ಹೋಗುತ್ತದೆ. ಅಪರಾಧಿಯ ಮನಸ್ಸು ತನ್ನ ತಪ್ಪಿಗೆ ಗುರಿಯಾದವನನ್ನೇ ದ್ವೇಷಿಸುವ ಈ ವಿಕಾರವನ್ನು ನಮ್ಮ ಪೂರ್ವಾಚಾರ್ಯರು ಚೆನ್ನಾಗಿ ಬಲ್ಲವರಾಗಿದ್ದರು.

ಕಡೆಯ ಭವದಲ್ಲಿ ಕಮಠನ ಜೀವ ಶಂಬರನೆಂಬ ಅಸುರನಾಗಿ ಧ್ಯಾನಸ್ಥ ಪಾರ್ಶ್ವನ ಮೇಲೆ ಉಪಸರ್ಗವೆಸಗುತ್ತದೆ. ಅದೇ ಹೊತ್ತಿಗೆ ಧರಣೇಂದ್ರ ಮತ್ತು ಪದ್ಮಾವತಿಯರು ಬಂದು ಹೆಡೆಯನ್ನೂ ಕೊಡೆಯನ್ನೂ ಹಿಡಿಯುತ್ತಾರೆ. ತಾಪಸನ ಅಗ್ನಿಯಲ್ಲಿ ಉರಿಯುತ್ತಿದ್ದ ಕಟ್ಟಿಗೆಯೊಳಗಿನ ಸರ್ಪಯುಗಲಕ್ಕೆ ಕುಮಾರ ಪಾರ್ಶ್ವನಿಂದ ದೊರೆತ ಉಪಕಾರದ ನೆನಪು ಅದು. ಒಬ್ಬನು ತೀರಿಸುತ್ತಿರುವುದು ಹಗೆಯ ಮುಯ್ಯಿ; ಇನ್ನಿಬ್ಬರು ತೀರಿಸುತ್ತಿರುವುದು ಉಪಕಾರದ ಮುಯ್ಯಿ. ಐಹೊಳೆಯ ಜೈನ ಗುಹೆಯ ಪಾರ್ಶ್ವಶಿಲ್ಪದಲ್ಲಿ ಉಪಸರ್ಗ ಮಾಡುವವನೂ ಕೊಡೆ ಹಿಡಿದವಳೂ ಒಂದೇ ಫಲಕದಲ್ಲಿದ್ದಾರೆ. ನಡುವೆ ನಿಂತ ಜಿನನ ಮುಖ ಯಾರ ಕಡೆಗೂ ತಿರುಗಿಲ್ಲ.

ಆ ಸಮತೆಯ ಅರ್ಥವನ್ನು ಸರಿಯಾಗಿ ಗ್ರಹಿಸಬೇಕು. ಧರಣೇಂದ್ರನ ಕೃತಜ್ಞತೆಗೂ ಕಮಠನ ಕ್ರೌರ್ಯಕ್ಕೂ ಭೇದವಿಲ್ಲವೆಂದು ಪುರಾಣ ಹೇಳುತ್ತಿಲ್ಲ. ಧರಣೇಂದ್ರ ಪದ್ಮಾವತಿಯರಿಗೆ ನಮ್ಮ ಪರಂಪರೆಯಲ್ಲಿ ದೊರೆತ ಗೌರವವೇ ಇದಕ್ಕೆ ಸಾಕ್ಷಿ. ಪಡೆದವನು ನೆನೆಯಬೇಕು, ಆದುದರಿಂದ ಧರಣೇಂದ್ರನ ನಡತೆ ಯೋಗ್ಯವೇ. ಆದರೆ ಕೊಟ್ಟವನಾದ ಪಾರ್ಶ್ವ ಆ ಮರುಪಾವತಿಗಾಗಿ ಕಾದಿರಲಿಲ್ಲ, ಬಂದಾಗ ಅದಕ್ಕೆ ಅಂಟಿಕೊಳ್ಳಲೂ ಇಲ್ಲ. ನೊಂದವನಾದ ಪಾರ್ಶ್ವ ಹಗೆಯನ್ನು ಮರಳಿಸಲೂ ಇಲ್ಲ. ಕೊಟ್ಟವನಾಗಿಯೂ ನೊಂದವನಾಗಿಯೂ ತನಗೆ ಬರಬೇಕಾದ ಬಾಕಿಯೆರಡನ್ನೂ ಅವನು ಬಿಟ್ಟ. ಕೈವಲ್ಯದ ಬಾಗಿಲು ತೆರೆದದ್ದು ಆ ಬಿಡುವಿಕೆಯಿಂದ.

ನ್ಯಾಸಾಪಹಾರ: ‘ಹೌದು’ ಎಂಬ ಒಂದು ಮಾತು

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅಪಾಯವುಂಟು. ‘ಲೇವಾದೇವಿಯೆಲ್ಲ ಬಂಧನ, ಋಣಾನುಬಂಧ ತೀರಿತು, ಬಿಟ್ಟುಬಿಡಿ’ ಎಂಬ ವೈರಾಗ್ಯದ ಮಾತನ್ನು ನಾವು ಆಗಾಗ ಕೇಳುತ್ತೇವೆ. ವಿಚಿತ್ರವೆಂದರೆ ಆ ಮಾತನ್ನು ಹೆಚ್ಚಾಗಿ ಆಡುವವರು ಕೊಡಬೇಕಾದವರು, ಬರಬೇಕಾದವರಲ್ಲ. ಪಾರ್ಶ್ವನ ಸಮತೆಯನ್ನು ಸಾಲಗಾರನು ತನ್ನ ರಕ್ಷೆಗೆ ಬಳಸಿಕೊಳ್ಳುವುದು ಧರ್ಮದ ಹೆಸರಿನಲ್ಲಿ ನಡೆಯುವ ಅಪಹರಣ.

ಇಂಥ ಸೂಕ್ಷ್ಮವಾದ ಅಪಹರಣವನ್ನು ನಮ್ಮ ಶಾಸ್ತ್ರ ಹೆಸರಿಸಿ ತೋರಿಸಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ‘ನ್ಯಾಸಾಪಹಾರ’ವೆಂಬುದು ಬರುತ್ತದೆ. ನ್ಯಾಸವೆಂದರೆ ನಂಬಿ ಇಟ್ಟ ಇಡುಗಂಟು. ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವ ರೀತಿ ಬೆರಗುಗೊಳಿಸುವಂಥದು. ಒಬ್ಬನು ಹೊನ್ನು ಮೊದಲಾದ ದ್ರವ್ಯವನ್ನು ಇನ್ನೊಬ್ಬನಲ್ಲಿ ಇಟ್ಟಿರುತ್ತಾನೆ. ಕಾಲಾಂತರದಲ್ಲಿ ಎಷ್ಟು ಇಟ್ಟಿದ್ದೆನೆಂಬುದು ಅವನಿಗೆ ಮರೆತುಹೋಗುತ್ತದೆ. ಕಡಿಮೆ ಸಂಖ್ಯೆಯನ್ನು ಹೇಳಿ ಮರಳಿ ಕೇಳುತ್ತಾನೆ. ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿ ಅಷ್ಟನ್ನು ಕೊಡುತ್ತಾನೆ. ಇದು ನ್ಯಾಸಾಪಹಾರ.

ಇಲ್ಲಿ ಕೇಳಿದ್ದಷ್ಟನ್ನು ಕೊಡಲಾಗಿದೆ, ಕೇಳಿದವನಿಗೆ ತೃಪ್ತಿಯಾಗಿದೆ, ಲೋಕದ ಕಣ್ಣಿಗೆ ಲೆಕ್ಕ ತೀರಿದೆ. ಮುಯ್ಯಿಯ ತಕ್ಕಡಿಯಲ್ಲಿ ಎರಡು ತಟ್ಟೆಗಳೂ ಸಮನಾಗಿವೆ. ಆದರೂ ವ್ರತಕ್ಕೆ ಭಂಗ ಬಂದಿದೆ. ಸೂತ್ರಕಾರರು ಇದನ್ನು ಅಚೌರ್ಯದ ಅತಿಚಾರಗಳಲ್ಲಿ ಸೇರಿಸದೆ ಸತ್ಯದ ಅತಿಚಾರಗಳಲ್ಲಿ ಸೇರಿಸಿರುವುದು ಗಮನಾರ್ಹ. ದೋಷವಿರುವುದು ‘ಹೌದು’ ಎಂಬ ಆ ಒಂದು ಮಾತಿನಲ್ಲಿ. ಕೊಟ್ಟವನ ಮರೆವು ಪಡೆದವನ ಪಾಲಿಗೆ ಬಿಡುಗಡೆಯಾಗಲಾರದು. ಬಿಡುವುದಾದರೆ ಅವನು ತಿಳಿದು ಬಿಡಬೇಕು. ಆದುದರಿಂದ ನೆನಪಿಟ್ಟುಕೊಳ್ಳುವ ಹೊಣೆ ಪಡೆದವನ ಮೇಲೆಯೇ ಇದೆ.

ಉಪಕಾರದ ವಿಷಯದಲ್ಲಿಯೂ ಆಚಾರ್ಯರು ಇಷ್ಟೇ ಸ್ಪಷ್ಟವಾಗಿದ್ದಾರೆ. ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಪೋಧನರಿಗೆ ಮಾಡುವ ದಾನವನ್ನು ವೈಯಾವೃತ್ಯವೆಂದು ನಿರೂಪಿಸುವಾಗ ಪ್ರತಿದಾನ, ಪ್ರತ್ಯುಪಕಾರಗಳ ಅಪೇಕ್ಷೆಯಿಲ್ಲದಿರುವುದನ್ನು ಅದರ ಲಕ್ಷಣದಲ್ಲಿಯೇ ಸೇರಿಸಿದ್ದಾರೆ. ಮುಂದಿನ ಭವದ ಭೋಗವನ್ನು ಬಯಸಿ ಧರ್ಮಾಚರಣೆ ಮಾಡುವುದು ‘ನಿದಾನ’. ಅದು ಮಾಯೆ, ಮಿಥ್ಯಾದರ್ಶನಗಳ ಜೊತೆಗೆ ಸೇರಿದ ಶಲ್ಯ, ಒಳಗೆ ಚುಚ್ಚಿಕೊಂಡಿರುವ ಮುಳ್ಳು. ಹಾಗಾದರೆ ಉಪಕಾರ ಪಡೆದವನು ಏನು ಮಾಡಬೇಕು? ಜೀವಗಳು ಪರಸ್ಪರ ಉಪಕಾರಕಗಳೆಂದು ಸಾರುವ ತತ್ತ್ವಾರ್ಥಸೂತ್ರದ ಪ್ರಸಿದ್ಧ ಸೂತ್ರಕ್ಕೆ ಪೂಜ್ಯಪಾದರು ಕೊಟ್ಟ ಉದಾಹರಣೆಗಳಲ್ಲಿ ಉತ್ತರವಿದೆ. ಆಚಾರ್ಯನು ಶಿಷ್ಯನಿಗೆ ಉಪದೇಶದಿಂದ ಉಪಕಾರ ಮಾಡಿದರೆ ಶಿಷ್ಯನು ಆ ಉಪದೇಶದಂತೆ ನಡೆಯುವುದರಿಂದ ಆಚಾರ್ಯನಿಗೆ ಉಪಕಾರ ಮಾಡುತ್ತಾನೆ. ಪಡೆದದ್ದು ವಿದ್ಯೆ, ಮರಳಿಸಿದ್ದು ನಡತೆ. ಒಂದೇ ನಾಣ್ಯದಲ್ಲಿ ತೀರಿಸುವ ಮಾತು ಇಲ್ಲಿಲ್ಲ. ಪಡೆದದ್ದು ನಮ್ಮಲ್ಲಿ ಫಲಿಸಿದಾಗ ಅದು ಸಂದಾಯವಾದಂತೆ.

ಬೆಳಗೊಳದ ಒಂದು ಶಾಸನ

ಈ ವಿವೇಕ ಗ್ರಂಥಗಳಲ್ಲಿ ಮಾತ್ರವೇ ಇತ್ತೆಂದು ಯಾರೂ ತಿಳಿಯಬಾರದು. ಶ್ರವಣಬೆಳಗೊಳದ ೧೬೩೪ರ ಶಾಸನವೊಂದು ಇದರ ಜೀವಂತ ನಿದರ್ಶನ. ಬೆಳಗೊಳದ ದೇವಸ್ಥಾನದ ಭೂಮಿಗಳನ್ನು ಸ್ಥಾನಿಕರು ಕಷ್ಟಕ್ಕೆ ಸಿಕ್ಕಿ ವರ್ತಕರಲ್ಲಿ ಅಡವಿಟ್ಟಿದ್ದರು. ಭೂಮಿಯ ಅನುಭೋಗ ಅಡವು ಹಿಡಿದವರದಾಗಿತ್ತು. ಮೈಸೂರಿನ ಚಾಮರಾಜ ಒಡೆಯರು ಇದನ್ನು ವಿಚಾರಿಸಿ, ಅಡವು ಹಿಡಿದವರನ್ನು ಕರೆಸಿ, ಅವರು ಕೊಟ್ಟ ಸಾಲವನ್ನು ತಾವು ತೀರಿಸಿಕೊಡುವುದಾಗಿ ಹೇಳಿದರು. ಆ ವರ್ತಕರು ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಹಣವನ್ನು ಬಿಟ್ಟು ಭೂಮಿಯನ್ನು ಧಾರೆಯೆರೆದು ಮರಳಿಸಿದರು. ಮುಂದೆ ಈ ಭೂಮಿಯನ್ನು ಅಡವಿಡುವವರನ್ನೂ ಅಡವು ಹಿಡಿಯುವವರನ್ನೂ ಶಾಸನ ನಿಷೇಧಿಸುತ್ತದೆ.

ಇಲ್ಲಿಯ ಕ್ರಮವನ್ನು ಎಚ್ಚರದಿಂದ ನೋಡೋಣ. ಅರಸನಿಗೆ ಅಧಿಕಾರವಿತ್ತು, ದೇವರ ಭೂಮಿಯನ್ನು ಸುಮ್ಮನೆ ಬಿಟ್ಟುಕೊಡಿ ಎಂದು ಆಜ್ಞಾಪಿಸಬಹುದಾಗಿತ್ತು. ಹಾಗೆ ಮಾಡಲಿಲ್ಲ. ಸಾಲವನ್ನು ಸಾಲವೆಂದು ಮೊದಲು ಒಪ್ಪಿಕೊಂಡು, ತೀರಿಸುವ ಹೊಣೆಯನ್ನು ತಾನು ಹೊತ್ತುಕೊಂಡ. ಪಡೆದವರ ಕಡೆಯ ಧರ್ಮ ಅಲ್ಲಿಗೆ ಪೂರ್ತಿಯಾಯಿತು. ಅನಂತರ, ಬರಬೇಕಾದವರು ತಾವಾಗಿ ತಮ್ಮ ಹಣವನ್ನು ಬಿಟ್ಟರು, ಸಾಲವಾಗಿದ್ದದ್ದು ದಾನವಾಯಿತು. ಮೊದಲನೆಯ ಹೆಜ್ಜೆಯಿಲ್ಲದೆ ಎರಡನೆಯದು ನಡೆದಿದ್ದರೆ ಅದು ಬಲಾತ್ಕಾರವಾಗುತ್ತಿತ್ತು. ಮೂರನೆಯದಾಗಿ, ಅದೇ ತಪ್ಪು ಮರುಕಳಿಸದಂತೆ ಕಟ್ಟಳೆಯಾಯಿತು. ತಪ್ಪನ್ನು ಸರಿಪಡಿಸಿ ಹಿಂದಿರುಗುವುದೇ ಪ್ರತಿಕ್ರಮಣವಾದರೆ ಈ ಶಾಸನ ಒಂದು ಸಂಸ್ಥೆಯ ಪ್ರತಿಕ್ರಮಣ.

ನಮ್ಮ ಕಾಲದ ಬಳಕೆ

ಈ ಅಳತೆಗೋಲನ್ನು ಹಿಡಿದು ಇಂದಿನ ನಮ್ಮ ನಡೆಯನ್ನು ನೋಡಿದರೆ ಮೂರು ಕಡೆ ಭೇದ ಮಸುಕಾಗಿರುವುದು ಕಾಣುತ್ತದೆ.

ಮೊದಲನೆಯದು ದಾನ. ಬಸದಿಯ ನೆಲಹಾಸುಗಲ್ಲಿನ ಮೇಲೆ, ಗೋಡೆಯ ಗಡಿಯಾರದ ಮೇಲೆ, ತಿರುಗುವ ಫ್ಯಾನಿನ ರೆಕ್ಕೆಯ ಮೇಲೆ ಕೂಡ ದಾನಿಗಳ ಹೆಸರಿರುತ್ತದೆ. ಪೂರ್ವಕಾಲದ ಶಾಸನಗಳಲ್ಲಿಯೂ ದಾನಿಯ ಹೆಸರಿಲ್ಲವೇ ಎಂದು ಕೇಳಬಹುದು; ಪ್ರಶ್ನೆ ನ್ಯಾಯವಾದುದೇ. ಲಕ್ಕುಂಡಿಯ ೧೦೦೭ರ ಶಾಸನದಲ್ಲಿ ಅತ್ತಿಮಬ್ಬೆಯ ಹೆಸರಿದೆ. ರನ್ನನ ಅಜಿತಪುರಾಣ (೯೯೩) ಅವಳನ್ನು ಮನಸಾರೆ ಸ್ತುತಿಸಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಕೀರ್ತಿ ಅವಳದು. ಆದರೆ ರನ್ನನ ಸ್ತುತಿ ಪಡೆದವನ ಕೃತಜ್ಞತೆ. ಶಾಸನದ ಹೆಸರು ಬಿಟ್ಟ ಭೂಮಿ ಯಾವುದು, ಯಾವ ಕಾರ್ಯಕ್ಕೆ ಬಿಟ್ಟದ್ದು ಎಂಬುದಕ್ಕೆ ಸಾಕ್ಷಿ. ಅದನ್ನು ಮುಂದಿನವರು ಕಸಿಯದಂತೆ ಕಟ್ಟಿದ ಬೇಲಿ. ಸಂಸ್ಥೆ ಯಾವುದಕ್ಕೆ ಬದ್ಧವೆಂಬುದನ್ನು ಅದು ಹೇಳುತ್ತಿತ್ತು. ಇಂದಿನ ಫಲಕ ಅನೇಕ ವೇಳೆ ದಾನಿಗೆ ಏನು ಸಲ್ಲಬೇಕೆಂಬುದನ್ನು ಹೇಳುತ್ತದೆ. ಕಲಶಗಳ ಸವಾಲಿನಲ್ಲಿ ಹೆಚ್ಚು ಕೂಗಿದವನಿಗೆ ಮುಂದಿನ ಸಾಲಿನ ಆಸನ, ಶಾಲು, ಹಾರಗಳು ಸಂದಾಯವಾದಾಗ ಅಲ್ಲಿ ನಡೆದದ್ದು ಮುಯ್ಯಿಯೇ ಹೊರತು ದಾನವಲ್ಲ. ಸಂಸ್ಥೆ ದಾನಿಯನ್ನು ಗೌರವಿಸಲಿ, ಅದು ಪಡೆದವನ ಧರ್ಮ. ದಾನಿ ಆ ಗೌರವವನ್ನು ಎಣಿಸದಿರಲಿ, ಅದು ಕೊಟ್ಟವನ ಧರ್ಮ.

ಎರಡನೆಯದು ಕ್ಷಮೆ. ದಶಲಕ್ಷಣ ಪರ್ವದ ನಂತರ ಬರುವ ಕ್ಷಮಾವಣಿಯ ದಿನ ನಮ್ಮ ಮೊಬೈಲ್ ಫೋನುಗಳು ಸಂದೇಶಗಳಿಂದ ತುಂಬುತ್ತವೆ. ಅವರು ಕಳುಹಿಸಿದರೆಂದು ನಾವು ಕಳುಹಿಸುತ್ತೇವೆ. ಹೋದ ವರ್ಷ ಉತ್ತರಿಸದವರಿಗೆ ಈ ವರ್ಷ ಕಳುಹಿಸುವುದಿಲ್ಲ. ಕ್ಷಮೆಯೂ ಮುಯ್ಯಿಯ ಪುಸ್ತಕದಲ್ಲಿ ಬರೆಸಿಕೊಂಡಿದೆ. ಇದಕ್ಕಿಂತ ಗಂಭೀರವಾದದ್ದೆಂದರೆ, ಸಹೋದರನ ಪಾಲಿನ ತೋಟವನ್ನು ಹಿಡಿದಿಟ್ಟುಕೊಂಡೇ ಅವನಿಗೆ ಕೈಮುಗಿದು ಕ್ಷಮೆ ಕೇಳುವ ರೂಢಿ. ನೊಂದವನು ಕ್ಷಮಿಸಬಹುದು, ಅದು ಅವನ ನಿರ್ಜರೆಯ ದಾರಿ. ನೋಯಿಸಿದವನಿಗೆ ಬರಿಯ ಮಾತು ಸಾಲದು. ಹಿಡಿದದ್ದನ್ನು ಬಿಟ್ಟುಕೊಟ್ಟು, ಆಲೋಚನೆ, ಪ್ರತಿಕ್ರಮಣ, ಪ್ರಾಯಶ್ಚಿತ್ತಗಳಿಂದ ಅವನು ಹಿಂದಿರುಗಬೇಕು. ಕ್ಷಮಾವಣಿಯಂದು ಕೈಮುಗಿಯಲು ಹೋಗುವವನು ಪಾಲುಪತ್ರವನ್ನೂ ಜೊತೆಗೆ ಒಯ್ದರೆ ಹಬ್ಬಕ್ಕೆ ಅರ್ಥ ಬರುತ್ತದೆ.

ಮೂರನೆಯದು ನಮ್ಮ ಧರ್ಮಸಂಸ್ಥೆಗಳ ದತ್ತಿನಿಧಿ. ಟ್ರಸ್ಟ್ ಎಂಬುದಕ್ಕೆ ‘ನ್ಯಾಸ’ವೆಂಬ ಪದವೂ ಇಂದು ಬಳಕೆಯಲ್ಲಿದೆ, ಆ ಪದವನ್ನು ಬಳಸುವವರು ನ್ಯಾಸಾಪಹಾರವನ್ನೂ ನೆನೆಯಬೇಕು. ಹಿರಿಯರೊಬ್ಬರು ವಿದ್ಯಾರ್ಥಿಗಳ ಊಟಕ್ಕೆಂದು ಇಟ್ಟ ಹಣ ಕಾಲಾಂತರದಲ್ಲಿ ಸಭಾಭವನದ ಬಣ್ಣಕ್ಕೆ ಹೋಗುತ್ತದೆ. ಜಿನಬಿಂಬದ ನಿತ್ಯಪೂಜೆಗೆಂದು ಬಿಟ್ಟ ಗದ್ದೆಯ ಉತ್ಪತ್ತಿ ಸಾಮಾನ್ಯ ಖರ್ಚಿನಲ್ಲಿ ಕರಗುತ್ತದೆ. ಕೊಟ್ಟವರು ತೀರಿಕೊಂಡಿದ್ದಾರೆ, ಮಕ್ಕಳಿಗೆ ವಿವರ ತಿಳಿಯದು, ಕೇಳುವವರಿಲ್ಲ. ಪೂಜ್ಯಪಾದರು ಹೇಳಿದ ಮರೆವಿನ ಉದಾಹರಣೆ ಇಲ್ಲಿ ಪೂರ್ಣರೂಪದಲ್ಲಿದೆ. ಇಟ್ಟವನಿಗೆ ಸಂಖ್ಯೆ ಮರೆತಾಗಲೇ ‘ಹೌದು’ ಎನ್ನಬಾರದಾದರೆ, ಇಟ್ಟವನೇ ಇಲ್ಲದಾಗ ಸುಮ್ಮನಿರುವುದು ಹೇಗೆ ಸಲ್ಲುತ್ತದೆ? ಈ ನ್ಯಾಸವನ್ನು ಮರಳಿಸಬೇಕಾದುದು ದಾನಿಗಲ್ಲ, ದಾನದ ಉದ್ದೇಶಕ್ಕೆ. ಪ್ರತಿ ಬಸದಿಯ ಆಡಳಿತ ಮಂಡಳಿಯೂ ತನ್ನ ಹಳೆಯ ದತ್ತಿಗಳ ಪಟ್ಟಿಯನ್ನು ಮಾಡಿ, ಯಾವುದು ಯಾವ ಕಾರ್ಯಕ್ಕೆ ಬಂದದ್ದೆಂಬುದನ್ನು ವರ್ಷಕ್ಕೊಮ್ಮೆ ಸಮಾಜದ ಮುಂದೆ ಓದಿಸುವುದು ಕಷ್ಟದ ಕೆಲಸವಲ್ಲ. ಮದುವೆಯ ಮನೆಯಲ್ಲಿ ಮುಯ್ಯಿಯನ್ನು ಅಷ್ಟು ಜತನದಿಂದ ಬರೆದಿಡುವ ನಾವು ಧರ್ಮದ ಇಡುಗಂಟನ್ನು ಬರೆದಿಡಲಾರೆವೇ?

ಮುಯ್ಯಿ ಎಂಬ ಪದವನ್ನು ಕನ್ನಡದಿಂದ ತೆಗೆದುಹಾಕಬೇಕೆಂಬುದು ಇಲ್ಲಿಯ ಅಭಿಪ್ರಾಯವಲ್ಲ. ಸುಗ್ಗಿಯ ಹೊಲಕ್ಕೆ ಮುಯ್ಯಾಳು ಬೇಕು. ಬಡವರ ಮನೆಯ ಮದುವೆಗೆ ಊರಿನ ಮುಯ್ಯಿ ಎಷ್ಟೋ ಸಲ ಆಸರೆಯಾಗಿದೆ. ಇಬ್ಬರೂ ತಿಳಿದು ಒಪ್ಪಿದ ಕೊಡುಕೊಳುವಿಕೆಗೆ ಅದು ಒಪ್ಪುವ ಪದ. ಆ ಮಾತನ್ನು ದಾನದ ಮೇಲೂ ಕ್ಷಮೆಯ ಮೇಲೂ ನ್ಯಾಸದ ಮೇಲೂ ಹೊರಿಸಿದಾಗ ಅದು ತನ್ನ ಎಲ್ಲೆ ಮೀರುತ್ತದೆ. ಕೊಟ್ಟಾಗ ಮರೆಯುವುದನ್ನೂ ಪಡೆದಾಗ ನೆನೆಯುವುದನ್ನೂ ನಮ್ಮ ಮಕ್ಕಳು ಕಲಿಯಬೇಕಾದರೆ, ಮೊದಲು ಈ ಎರಡಕ್ಕೂ ಒಂದೇ ಹೆಸರಿಲ್ಲವೆಂಬುದನ್ನು ನಾವು ಅವರಿಗೆ ತಿಳಿಸಬೇಕು. ಶ್ರಾವಕ ಕುಟುಂಬಗಳೂ ಧರ್ಮಸಂಸ್ಥೆಗಳ ಹೊಣೆ ಹೊತ್ತ ಹಿರಿಯರೂ ಈ ದಿಶೆಯಲ್ಲಿ ಆಲೋಚಿಸುವರೆಂದು ಆಶಿಸುತ್ತೇನೆ.